ಆ ಕುದುರೆಗಳು ಬೇರಾಗಲೇಬೇಕಿತ್ತು

ಡೇವಿಡ್ ಲೀನ್‌ನ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಸಿನಿಮಾದ ಮಾತು ಬಂದಾಗ ನಮ್ಮಲ್ಲಿ ಒಂದು ವಾಕ್ಯ ತಾನಾಗಿಯೇ ನಾಲಗೆಗೆ ಬರುತ್ತದೆ: ವಸಾಹತುಶಾಹಿ ಕಾಲದ ಪೂರ್ವಗ್ರಹಗಳನ್ನು ಮೀರಿದ ಗೆಳೆತನದ ಕಥೆ. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ, ಸಿನಿಮಾಪ್ರಿಯರು ಚರ್ಚೆಯಲ್ಲಿ ಹೇಳುತ್ತಾರೆ. ಕೇಳಲು ಹಿತವಾಗಿದೆ. ಸಿನಿಮಾದ ಮಟ್ಟಿಗೆ ನಿಜವೂ ಹೌದು. ಆದರೆ ಇ. ಎಂ. ಫಾರ್ಸ್ಟರ್ 1924ರಲ್ಲಿ ಪ್ರಕಟಿಸಿದ ಕಾದಂಬರಿ ಹೇಳಿದ್ದು ಇದಕ್ಕೆ ತದ್ವಿರುದ್ಧವಾದದ್ದನ್ನು. ಅರವತ್ತು ವರ್ಷಗಳ ನಂತರ ಲೀನ್ ಅದನ್ನು ಮಗುಚಿ ಹಾಕಿದ. ಪುಸ್ತಕ ಓದದೆ ಸಿನಿಮಾ ನೋಡಿ ಪರೀಕ್ಷೆಗೆ ಹೋಗುವ ನಾವು ಆ ಮಗುಚಿದ್ದನ್ನೇ ಮೂಲ ಎಂದು ನಂಬಿದ್ದೇವೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಚಂದ್ರಾಪುರವೆಂಬ ಕಲ್ಪಿತ ಊರು. ಅಲ್ಲಿನ ಮುಸ್ಲಿಂ ವೈದ್ಯ ಅಜೀಜ್. ಸರ್ಕಾರಿ ಕಾಲೇಜಿನ ಇಂಗ್ಲಿಷ್ ಪ್ರಿನ್ಸಿಪಾಲ್ ಫೀಲ್ಡಿಂಗ್. ಇಬ್ಬರಿಗೂ ಗೆಳೆತನವಾಗುತ್ತದೆ. ಇಂಗ್ಲೆಂಡಿನಿಂದ ಬಂದ ವೃದ್ಧೆ ಮಿಸೆಸ್ ಮೂರ್ ಮತ್ತು ಆಕೆಯ ಮಗನನ್ನು ಮದುವೆಯಾಗಬೇಕೆಂದಿರುವ ಅಡೆಲಾ ಕ್ವೆಸ್ಟೆಡ್ ಎಂಬ ತರುಣಿಯನ್ನು ಅಜೀಜ್ ಮಾರಾಬಾರ್ ಗುಹೆಗಳಿಗೆ ಕರೆದೊಯ್ಯುತ್ತಾನೆ. ಗುಹೆಯಲ್ಲಿ ತನ್ನ ಮೇಲೆ ಕೈಮಾಡಿದ ಎಂದು ಅಡೆಲಾ ಆರೋಪಿಸುತ್ತಾಳೆ. ಅಜೀಜ್ ಜೈಲಿಗೆ ಹೋಗುತ್ತಾನೆ. ಫೀಲ್ಡಿಂಗ್ ತನ್ನವರನ್ನೆಲ್ಲ ಎದುರುಹಾಕಿಕೊಂಡು ಅಜೀಜ್‌ನ ಪರ ನಿಲ್ಲುತ್ತಾನೆ. ಕೊನೆಗೆ ಕೋರ್ಟಿನಲ್ಲಿ ಅಡೆಲಾ ಆರೋಪವನ್ನು ಹಿಂತೆಗೆದುಕೊಳ್ಳುತ್ತಾಳೆ. ಇಷ್ಟು ಎರಡರಲ್ಲೂ ಒಂದೇ. ವ್ಯತ್ಯಾಸ ಇರುವುದು ಮೊದಲಲ್ಲಿ ಮತ್ತು ಕೊನೆಯಲ್ಲಿ. ಯಾರು ಬಾಗಿಲು ತೆಗೆಯುತ್ತಾರೆ, ಯಾರು ಮುಚ್ಚುತ್ತಾರೆ ಎನ್ನುವುದರಲ್ಲಿ.

ಕಾದಂಬರಿಯ ಎರಡನೆಯ ಅಧ್ಯಾಯದಲ್ಲಿ ಹಮೀದುಲ್ಲಾನ ಮನೆಯಲ್ಲಿ ಗೆಳೆಯರು ಹುಕ್ಕಾ ಸೇದುತ್ತ ಒಂದು ಪ್ರಶ್ನೆಯನ್ನು ಚರ್ಚಿಸುತ್ತಾರೆ: ಇಂಗ್ಲಿಷಿನವನ ಜತೆ ಗೆಳೆತನ ಸಾಧ್ಯವೆ? ಹಮೀದುಲ್ಲಾ ಕೇಂಬ್ರಿಜ್‌ನಲ್ಲಿ ಓದಿದವನು. ಅಲ್ಲಿ ಸಾಧ್ಯವಿತ್ತು, ಇಲ್ಲಿ ಆಗುವುದಿಲ್ಲ ಎನ್ನುತ್ತಾನೆ. ಹೊಸದಾಗಿ ಬಂದವರು ಒಳ್ಳೆಯವರಾಗಿಯೇ ಬರುತ್ತಾರೆ. ಗಂಡಸು ಎರಡು ವರ್ಷದಲ್ಲಿ, ಹೆಂಗಸು ಆರು ತಿಂಗಳಲ್ಲಿ ಉಳಿದವರಂತೆ ಆಗುತ್ತಾರೆ ಎಂಬುದು ಅವರ ಲೆಕ್ಕ. ಗಮನಿಸಿ, ಇದು ಬೈಗುಳವಲ್ಲ. ಅವರು ಯಾರ ಗುಣವನ್ನೂ ದೂರುತ್ತಿಲ್ಲ. ಒಂದು ಕುರ್ಚಿ ಮನುಷ್ಯನನ್ನು ಏನು ಮಾಡುತ್ತದೆ ಎಂದು ಅನುಭವದಿಂದ ಹೇಳುತ್ತಿದ್ದಾರೆ. ಪ್ರಶ್ನೆ ಹುಟ್ಟಿದ್ದು ಆಳಿಸಿಕೊಂಡವರ ಜಗಲಿಯಲ್ಲಿ, ಅವರದೇ ಮಾತಿನಲ್ಲಿ.

ಸಿನಿಮಾ ಆರಂಭವಾಗುವುದು ಎಲ್ಲಿ? ಲಂಡನ್ನಿನಲ್ಲಿ. ಅಡೆಲಾ ಹಡಗಿನ ಟಿಕೆಟ್ ಕೊಳ್ಳುತ್ತಿದ್ದಾಳೆ. ಕಚೇರಿಯ ಗೋಡೆಯ ಮೇಲೆ ಮಾರಾಬಾರ್ ಗುಹೆಗಳ ಚಿತ್ರ. ಈ ಒಂದು ದೃಶ್ಯದಿಂದಲೇ ಪ್ರಶ್ನೆ ಬದಲಾಗಿಹೋಯಿತು. ಗೆಳೆತನ ಸಾಧ್ಯವೆ ಎಂದು ಭಾರತೀಯರು ಕೇಳುತ್ತಿದ್ದ ಜಾಗದಲ್ಲಿ, ಈ ನಿಗೂಢ ದೇಶ ನನ್ನನ್ನು ಏನು ಮಾಡೀತು ಎಂದು ಒಬ್ಬ ಇಂಗ್ಲಿಷ್ ತರುಣಿ ಕೇಳತೊಡಗಿದಳು. ಮುಂದೆ ಲೀನ್ ಕಾದಂಬರಿಯಲ್ಲಿಲ್ಲದ ಒಂದು ದೃಶ್ಯವನ್ನೂ ಸೇರಿಸುತ್ತಾನೆ. ಅಡೆಲಾ ಒಬ್ಬಳೇ ಸೈಕಲ್ ಹತ್ತಿ ಹೋಗಿ, ಪಾಳುಬಿದ್ದ ಗುಡಿಯ ಮಿಥುನ ಶಿಲ್ಪಗಳ ಮುಂದೆ ನಿಲ್ಲುತ್ತಾಳೆ. ಕೋತಿಗಳು ಎರಗಿ ಬರುತ್ತವೆ, ಅವಳು ಬೆದರಿ ಓಡುತ್ತಾಳೆ. ಅಲ್ಲಿಗೆ ಗುಹೆಯ ಘಟನೆಗೆ ವಿವರಣೆ ಸಿಕ್ಕಿಬಿಟ್ಟಿತು: ಅದುಮಿಟ್ಟ ಬಯಕೆ, ಉಷ್ಣ ದೇಶ, ಕಲ್ಲಿನ ಮೈಗಳು. ಒಂದು ಇಡೀ ಆಡಳಿತ ತನ್ನ ಪೊಲೀಸು, ಕ್ಲಬ್ಬು, ಕೋರ್ಟು ಸಮೇತ ಒಬ್ಬ ನಿರಪರಾಧಿಯ ಮೇಲೆ ಬಿದ್ದ ಕಥೆ ಒಬ್ಬಳ ನರದೌರ್ಬಲ್ಯದ ಕಥೆಯಾಗಿ ಕುಗ್ಗಿತು.

ಇದು ಸಣ್ಣ ಬದಲಾವಣೆಯಲ್ಲ. ಕಾದಂಬರಿಯ ಮೊದಲ ಓದುಗರಿಗೆ ಇದರ ಹಿಂದೆ ಏನಿದೆ ಎಂದು ಊಹಿಸಲು ಕಷ್ಟವಿರಲಿಲ್ಲ. 1919ರ ಏಪ್ರಿಲ್ 10ರಂದು ಅಮೃತಸರದಲ್ಲಿ ಒಬ್ಬ ಇಂಗ್ಲಿಷ್ ಮಿಷನರಿ ಮಹಿಳೆಯ ಮೇಲೆ ಹಲ್ಲೆಯಾಯಿತು. ಮೂರು ದಿನಗಳ ನಂತರ ಜಲಿಯನ್‌ವಾಲಾ ಬಾಗ್. ಅದಾದ ಮೇಲೆ ಜನರಲ್ ಡೈಯರ್, ಆ ಮಹಿಳೆಯ ಮೇಲೆ ಹಲ್ಲೆಯಾದ ಓಣಿಯಲ್ಲಿ ಹಾದುಹೋಗುವ ಭಾರತೀಯರು ತೆವಳಿಕೊಂಡೇ ಹೋಗಬೇಕೆಂದು ಹುಕುಂ ಹೊರಡಿಸಿದ. ಕಾದಂಬರಿಯಲ್ಲಿ ಕಲೆಕ್ಟರನ ಹೆಂಡತಿ ಮಿಸೆಸ್ ಟರ್ಟನ್, ಈ ಜನ ಇಂಗ್ಲಿಷ್ ಹೆಂಗಸು ಕಂಡಲ್ಲೆಲ್ಲ ಅಂಬೆಗಾಲಿಕ್ಕಿ ತೆವಳಬೇಕು ಎಂದು ಕಿರುಚುವಾಗ ಫಾರ್ಸ್ಟರ್ ಏನನ್ನೂ ಕಲ್ಪಿಸುತ್ತಿಲ್ಲ. ಐದು ವರ್ಷ ಹಿಂದಿನ ವರದಿಯನ್ನು ಒಬ್ಬಾಕೆಯ ಬಾಯಲ್ಲಿ ಇಟ್ಟಿದ್ದಾನೆ, ಅಷ್ಟೆ.

ಕೋರ್ಟಿನ ದೃಶ್ಯವೂ ಹಾಗೆಯೇ. ವಿಚಾರಣೆ ನಡೆಸುವವನು ದಾಸ್ ಎಂಬ ಭಾರತೀಯ ಮ್ಯಾಜಿಸ್ಟ್ರೇಟ್. 1883ರಲ್ಲಿ ಇಲ್ಬರ್ಟ್ ಮಸೂದೆ ಭಾರತೀಯ ನ್ಯಾಯಾಧೀಶರಿಗೆ ಐರೋಪ್ಯರನ್ನು ವಿಚಾರಿಸುವ ಅಧಿಕಾರ ಕೊಡಹೊರಟಾಗ ಬಿಳಿಯರು ಬೀದಿಗಿಳಿದು ಗದ್ದಲವೆಬ್ಬಿಸಿದ್ದು ಇತಿಹಾಸ. ಮಸೂದೆ ಹಲ್ಲು ಕಿತ್ತ ಹಾವಾಗಿ ಹೊರಬಂತು. ಆ ನೆನಪಿನ ಮೇಲೆ ನಿಂತು ಕಾದಂಬರಿಯ ಬಿಳಿಯರು ಗಾಳಿ ಬೇಕೆಂಬ ನೆಪದಲ್ಲಿ ತಮ್ಮ ಕುರ್ಚಿಗಳನ್ನು ನ್ಯಾಯಾಧೀಶನ ವೇದಿಕೆಗೆ ಏರಿಸುತ್ತಾರೆ; ಕಲ್ಕತ್ತಾದ ವಕೀಲ ಅಮೃತರಾವ್ ಆಕ್ಷೇಪ ಎತ್ತಿದ ಮೇಲೆ ಇಳಿಯಬೇಕಾಗುತ್ತದೆ. ಹತ್ತು ಅಡಿ ಜಾಗದ ಜಗಳ. ಆದರೆ ಸಾಮ್ರಾಜ್ಯ ನಿಂತಿದ್ದು ಅಂಥ ಹತ್ತು ಅಡಿಗಳ ಮೇಲೆಯೇ.

ಆದ್ದರಿಂದಲೇ ‘ಪೂರ್ವಗ್ರಹ’ ಎಂಬ ಪದದ ಮೇಲೆ ನನಗೆ ಸಿಟ್ಟು. ಪೂರ್ವಗ್ರಹ ಎಂದರೆ ತಲೆಯೊಳಗಿನ ತಪ್ಪು ತಿಳಿವಳಿಕೆ. ತಿಳಿಹೇಳಿದರೆ ಹೋಗುತ್ತದೆ, ಒಂದು ಚಹಾಕೂಟದಲ್ಲಿ ಕರಗುತ್ತದೆ. ಆಳುವವನಿಗೆ ಈ ಪದ ಬಹಳ ಅನುಕೂಲ. ಅದು ಅನ್ಯಾಯವನ್ನು ಅಜ್ಞಾನವನ್ನಾಗಿ ಮಾಡುತ್ತದೆ. ಅನ್ಯಾಯಕ್ಕೆ ಪರಿಹಾರ ಕೊಡಬೇಕು, ಅಧಿಕಾರ ಬಿಡಬೇಕು; ಅಜ್ಞಾನಕ್ಕೆ ಒಂದು ಕ್ಷಮಾಪಣೆ ಸಾಕು. ಮಿಸೆಸ್ ಮೂರಳ ಮಗ ಹೀಸ್ಲಾಪ್ ಮೂರ್ಖನಲ್ಲ, ಕ್ರೂರಿಯೂ ಅಲ್ಲ. ತಾಯಿ ಅವನ ಒರಟುತನವನ್ನು ಪ್ರಶ್ನಿಸಿದಾಗ, ನಾವಿಲ್ಲಿ ಬಂದಿರುವುದು ಸೌಜನ್ಯ ತೋರಿಸುವುದಕ್ಕಲ್ಲ, ಆಡಳಿತ ಮಾಡುವುದಕ್ಕೆ ಎಂಬ ಅರ್ಥದ ಉತ್ತರ ಕೊಡುತ್ತಾನೆ. ಪ್ರಾಮಾಣಿಕ ಉತ್ತರ. ಅವನು ತೊಡೆದುಹಾಕಬೇಕಾದ ಪೂರ್ವಗ್ರಹ ಯಾವುದು? ಅವನು ಮಾಡಬೇಕಾದದ್ದು ರಾಜೀನಾಮೆ.

ಕಾದಂಬರಿಯಲ್ಲಿ ಒಂದು ಸಣ್ಣ ಪ್ರಸಂಗವಿದೆ. ಫೀಲ್ಡಿಂಗ್‌ನ ಕಾಲರಿನ ಗುಂಡಿ ಮುರಿದುಹೋಗಿರುತ್ತದೆ. ಮೊದಲ ಸಲ ಅವನ ಮನೆಗೆ ಬಂದ ಅಜೀಜ್, ತನ್ನ ಬಳಿ ಇನ್ನೊಂದಿದೆ ಎಂದು ಸುಳ್ಳು ಹೇಳಿ, ತನ್ನ ಕೊರಳಿನದನ್ನೇ ಬಿಚ್ಚಿ ಕೊಡುತ್ತಾನೆ. ಆಮೇಲೆ ಹೀಸ್ಲಾಪ್ ಅಜೀಜ್‌ನ ಕಾಲರ್ ಮೇಲೆದ್ದಿರುವುದನ್ನು ಕಂಡು, ಇಡೀ ಜನಾಂಗದ ಅಶಿಸ್ತಿಗೆ ಅದೇ ಸಾಕ್ಷಿ ಎನ್ನುತ್ತಾನೆ. ಗೆಳೆತನದ ಕಾಣಿಕೆಯೇ ಅವಮಾನದ ಪುರಾವೆಯಾಯಿತು. ಇಲ್ಲಿ ಅಜೀಜ್ ಎಷ್ಟು ಪ್ರೀತಿ ತೋರಿಸಿದರೂ, ಫೀಲ್ಡಿಂಗ್ ಎಷ್ಟು ನಿರ್ಮಲನಾಗಿದ್ದರೂ ಆ ಗುಂಡಿಯ ಅರ್ಥವನ್ನು ನಿರ್ಧರಿಸುವವನು ಮೂರನೆಯವನು, ಅಧಿಕಾರವುಳ್ಳವನು. ಇಬ್ಬರ ನಡುವಿನ ಗೆಳೆತನ ಇಬ್ಬರ ಕೈಯಲ್ಲೇ ಇಲ್ಲ.

ಈಗ ಕೊನೆಗೆ ಬರೋಣ. ಬಿಡುಗಡೆಯಾದ ಅಜೀಜ್ ಅಡೆಲಾಳಿಂದ 20,000 ರೂಪಾಯಿ ಪರಿಹಾರ ಕೇಳಬೇಕೆಂದಿದ್ದಾಗ, ಅದನ್ನು ಬಿಟ್ಟುಬಿಡು ಎಂದು ಒಪ್ಪಿಸುವವನು ಗೆಳೆಯ ಫೀಲ್ಡಿಂಗ್. ಬಡವಿ, ಒಂಟಿ, ಧೈರ್ಯ ಮಾಡಿ ನಿಜ ಹೇಳಿದಳು, ಪಾಪ ಎಂಬ ವಾದ. ಅಜೀಜ್ ಬಿಡುತ್ತಾನೆ. ಅನ್ಯಾಯ ಅನುಭವಿಸಿದವನೇ ಉದಾರಿಯಾಗಬೇಕು. ಅವನಿಗೆ ಆ ಸಲಹೆ ಕೊಡುವವನು ಅವನನ್ನು ಪ್ರೀತಿಸುವವನೇ. ಮುಂದೆ ಫೀಲ್ಡಿಂಗ್ ಇಂಗ್ಲೆಂಡಿಗೆ ಹೋಗಿ ಮದುವೆಯಾದಾಗ, ಅವನು ಅಡೆಲಾಳನ್ನೇ ಕಟ್ಟಿಕೊಂಡು ತನ್ನ ಹಣ ಉಳಿಸಿಕೊಂಡ ಎಂದು ಅಜೀಜ್ ತಿಳಿಯುತ್ತಾನೆ. ನಿಜದಲ್ಲಿ ಅವನ ಹೆಂಡತಿ ಮಿಸೆಸ್ ಮೂರಳ ಮಗಳು ಸ್ಟೆಲ್ಲಾ. ತಪ್ಪು ತಿಳಿವಳಿಕೆಯೇ ಸರಿ. ಎರಡು ವರ್ಷಗಳ ನಂತರ ಮೌ ಎಂಬ ದೇಶಿ ಸಂಸ್ಥಾನದಲ್ಲಿ, ಗೋಕುಲಾಷ್ಟಮಿಯ ದಿನಗಳಲ್ಲಿ ಅವರು ಮತ್ತೆ ಸಿಕ್ಕಾಗ ಅದು ಬಗೆಹರಿಯುತ್ತದೆ. ಅಡೆಲಾಳಿಗೆ ಕೃತಜ್ಞತೆಯ ಪತ್ರವನ್ನೂ ಅಜೀಜ್ ಬರೆದು ಕೊಡುತ್ತಾನೆ.

ಕಥೆ ಪೂರ್ವಗ್ರಹದ್ದೇ ಆಗಿದ್ದರೆ ಇಲ್ಲಿಗೆ ಮುಗಿಯಬೇಕಿತ್ತು. ತಪ್ಪು ತಿಳಿವಳಿಕೆ ಹೋಯಿತು, ಕ್ಷಮೆಯೂ ಆಯಿತು. ಲೀನ್ ಇಲ್ಲಿಗೇ ಮುಗಿಸುತ್ತಾನೆ. ಅವನ ಸಿನಿಮಾದಲ್ಲಿ ಮರುಭೇಟಿ ಕಾಶ್ಮೀರಕ್ಕೆ ಹೋಗಿದೆ. ಹಿಮದ ಬೆಟ್ಟಗಳು, ಸ್ವಚ್ಛ ಬೆಳಕು, ಬೆಚ್ಚಗಿನ ಬೀಳ್ಕೊಡುಗೆ. ಪತ್ರ ಲಂಡನ್ ತಲುಪುತ್ತದೆ. ಅಡೆಲಾ ಕಿಟಕಿಯ ಬಳಿ ನಿಂತು ಮಳೆ ನೋಡುತ್ತಾಳೆ. ಟಿಕೆಟ್ ಕೊಂಡವಳಿಗೆ ರಶೀದಿ ಸಿಕ್ಕಿತು. ಸಿನಿಮಾ ಅವಳಲ್ಲೇ ಶುರುವಾಗಿ ಅವಳಲ್ಲೇ ಮುಗಿಯಿತು.

ಫಾರ್ಸ್ಟರ್ ಅಲ್ಲಿಗೆ ಮುಗಿಸಲಿಲ್ಲ. ಪತ್ರ ಕೊಟ್ಟ ಮೇಲೆ ಇಬ್ಬರೂ ಕುದುರೆಯ ಮೇಲೆ ಕೊನೆಯ ಸವಾರಿ ಹೊರಡುತ್ತಾರೆ. ಮನಸ್ಸು ತಿಳಿಯಾಗಿದೆ. ಆಗಲೇ ಜಗಳ ಶುರುವಾಗುವುದು. ಫೀಲ್ಡಿಂಗ್ ಈಗ ಹಳೆಯವನಲ್ಲ. ಒಬ್ಬ ಭಾರತೀಯನಿಗಾಗಿ ತನ್ನವರನ್ನೆಲ್ಲ ಇನ್ನೊಮ್ಮೆ ಎದುರುಹಾಕಿಕೊಳ್ಳುವೆನೆ ಎಂದು ಅವನಿಗೇ ಅನುಮಾನ. ಅಜೀಜ್‌ನ ದೇಶದ ಕನಸನ್ನು ಅವನು ಗೇಲಿ ಮಾಡುತ್ತಾನೆ. ಹುಕ್ಕಾ ಸೇದುತ್ತ ಹಾಕಿದ್ದ ಲೆಕ್ಕ ಅತ್ಯುತ್ತಮನ ವಿಷಯದಲ್ಲೂ ಸರಿಯಾಯಿತು. ಅಜೀಜ್ ರೇಗಿ ಕೂಗುತ್ತಾನೆ: ನಾವಲ್ಲದಿದ್ದರೆ ನಮ್ಮ ಮಕ್ಕಳು ನಿಮ್ಮನ್ನು ಓಡಿಸುತ್ತಾರೆ, ಆಮೇಲೆ ನಾವಿಬ್ಬರು ಗೆಳೆಯರು. ಈಗಲೇ ಯಾಕಾಗಬಾರದು ಎಂದು ಫೀಲ್ಡಿಂಗ್ ಅವನನ್ನು ಅಪ್ಪಿಕೊಂಡು ಕೇಳುತ್ತಾನೆ. ಕುದುರೆಗಳು ಬೇರಾಗುತ್ತವೆ. ಬಂಡೆಗಳ ನಡುವಿನ ದಾರಿ ಇಬ್ಬರಿಗೆ ಜಾಗ ಕೊಡುವುದಿಲ್ಲ. ಕೆರೆ, ಗುಡಿ, ಜೈಲು, ಅರಮನೆ ಎಲ್ಲವೂ ಇನ್ನೂ ಕಾಲ ಬಂದಿಲ್ಲ ಎನ್ನುತ್ತವೆ.

ನನ್ನ ವಾದ ಇರುವುದು ಈ ಜಗಳದ ಬಗ್ಗೆ. ಇಡೀ ಕಾದಂಬರಿಯಲ್ಲಿ ಅಜೀಜ್ ಮತ್ತು ಫೀಲ್ಡಿಂಗ್ ನಿಜವಾದ ಗೆಳೆಯರಾಗುವುದು ಇಲ್ಲಿಯೇ. ಅಲ್ಲಿಯವರೆಗೆ ಅಜೀಜ್ ಇಂಗ್ಲಿಷಿನವರ ಮುಂದೆ ಸದಾ ಆತಿಥೇಯ. ಗುಂಡಿ ಬಿಚ್ಚಿ ಕೊಡುವವನು, ಆನೆ ತರಿಸುವವನು, ಹಣ ಬಿಟ್ಟುಕೊಡುವವನು. ಮೆಚ್ಚಿಸುವ ಹೊರೆ ಅವನದೇ. ಕೊನೆಯ ಸವಾರಿಯಲ್ಲಿ ಮೊದಲ ಬಾರಿಗೆ ಅವನು ಮೆಚ್ಚಿಸುವುದನ್ನು ಬಿಟ್ಟು ತನ್ನ ಮನಸ್ಸಿನಲ್ಲಿದ್ದದ್ದನ್ನು ಕೂಗಿ ಹೇಳುತ್ತಾನೆ. ಸಮಾನನ ಜತೆ ಮಾತ್ರ ಹಾಗೆ ಜಗಳವಾಡಲು ಬರುತ್ತದೆ. ಗೆಳೆತನವನ್ನು ಉಳಿಸಲೆಂದು ಲೀನ್ ಆ ಜಗಳವನ್ನು ಕಿತ್ತುಹಾಕಿದ. ಕಿತ್ತುಹಾಕಿದ್ದು ಗೆಳೆತನವನ್ನೇ. ಉಳಿದದ್ದು ಒಬ್ಬ ಭಾರತೀಯನ ಸದ್ಗುಣ, ಅವನ ಕ್ಷಮಾಗುಣ, ಆಳಿದವರಿಗೆ ಕೊಟ್ಟ ಒಂದು ನಡತೆ ಪ್ರಮಾಣಪತ್ರ.

ಫಾರ್ಸ್ಟರ್ ಇದನ್ನು ಕಹಿಯಿಂದ ಬರೆಯಲಿಲ್ಲ ಎಂಬುದನ್ನೂ ನೆನಪಿಡಬೇಕು. ಆ ಕಾದಂಬರಿ ಅರ್ಪಣೆಯಾಗಿರುವುದು ಸಯ್ಯದ್ ರಾಸ್ ಮಸೂದ್‌ಗೆ, ಅವರಿಬ್ಬರ ಹದಿನೇಳು ವರ್ಷದ ಸ್ನೇಹಕ್ಕೆ. ಮಸೂದ್ ಅಲಿಗಢದ ಸರ್ ಸಯ್ಯದ್ ಅಹ್ಮದ್ ಖಾನರ ಮೊಮ್ಮಗ. ಫಾರ್ಸ್ಟರ್ ಅವನಿಗೆ ಲ್ಯಾಟಿನ್ ಹೇಳಿಕೊಡಲು ಹೋಗಿ ಗೆಳೆಯನಾದವನು. ಗೆಳೆತನವನ್ನು ಬದುಕಿನ ಅತಿ ದೊಡ್ಡ ಮೌಲ್ಯವೆಂದು ನಂಬಿದ್ದ ಲೇಖಕ, ಇಂಥ ಸ್ನೇಹ ಕೈಯಲ್ಲೇ ಇದ್ದವನು, ಆಳ್ವಿಕೆ ಇರುವತನಕ ಇದು ಪೂರ್ಣವಾಗದು ಎಂದು ಬರೆದ. ಆ ಮಾತಿಗೆ ತೂಕ ಬರುವುದು ಅದರಿಂದಲೇ.

ಇದಕ್ಕೆ ಬರುವ ಆಕ್ಷೇಪಗಳು ಗೊತ್ತಿವೆ. ಮೊದಲನೆಯದು, ಸಿನಿಮಾ ಬೇರೆ ಮಾಧ್ಯಮ, ನಿರ್ದೇಶಕನಿಗೆ ಬದಲಿಸುವ ಹಕ್ಕಿದೆ. ಖಂಡಿತ ಇದೆ. ವಿಕ್ಟರ್ ಬ್ಯಾನರ್ಜಿಯ ಅಜೀಜ್, ಪೆಗ್ಗಿ ಆ್ಯಶ್‌ಕ್ರಾಫ್ಟಳ ಮಿಸೆಸ್ ಮೂರ್ ಮರೆಯಲಾಗದ ಪಾತ್ರಗಳು ಎಂದೂ ಒಪ್ಪುತ್ತೇನೆ. ಹನ್ನೊಂದು ಆಸ್ಕರ್ ನಾಮನಿರ್ದೇಶನಗಳಲ್ಲಿ ಗೆದ್ದ ಎರಡರಲ್ಲಿ ಒಂದು ಆ್ಯಶ್‌ಕ್ರಾಫ್ಟಳದು, ಅದು ನ್ಯಾಯವೇ. ಆದರೆ ಬದಲಾವಣೆಗಳೆಲ್ಲ ಒಂದೇ ದಿಕ್ಕಿಗೆ ವಾಲಿದರೆ ಅದನ್ನು ಮಾಧ್ಯಮದ ಅಗತ್ಯ ಎನ್ನಲಾಗದು. ಆರಂಭ ಲಂಡನ್ನಿಗೆ ಹೋಯಿತು, ನಡುವೆ ಅಡೆಲಾಳ ಗುಡಿ ಬಂತು, ಕೊನೆಯ ಜಗಳ ಮಾಯವಾಯಿತು. ಪ್ರೊಫೆಸರ್ ಗೋಡ್‌ಬೋಲೆಯ ಪಾತ್ರಕ್ಕೆ ಅಲೆಕ್ ಗಿನ್ನೆಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಬಂದ. ಸಯೀದ್ ಜಾಫ್ರಿ, ರೋಶನ್ ಸೇಠ್ ಅದೇ ಸಿನಿಮಾದಲ್ಲಿದ್ದರು. ಭಾರತೀಯ ನಟರಿಗೆ ಬರವಿರಲಿಲ್ಲ. ಬ್ರಿಟನ್ನಿನಲ್ಲಿ ರಾಜ್ ಕಾಲದ ಹಳಹಳಿಕೆ ಮತ್ತೆ ಮಾರಾಟಕ್ಕೆ ಬಂದಿದ್ದ ವರ್ಷಗಳವು. ಸಲ್ಮಾನ್ ರಶ್ದಿ 1984ರಲ್ಲೇ ಅದನ್ನು ಗುರುತಿಸಿ ಕಟುವಾಗಿ ಬರೆದದ್ದು ಸುಮ್ಮನೆ ಅಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯದು. ದೋಷ ಕಾದಂಬರಿಯಲ್ಲೇ ಇಲ್ಲವೆ? ನೀರದ್ ಸಿ. ಚೌಧುರಿ 1954ರಲ್ಲಿ ‘ಎನ್‌ಕೌಂಟರ್’ ಪತ್ರಿಕೆಯಲ್ಲಿ ಇದನ್ನೇ ಹೇಳಿದರು: ಫಾರ್ಸ್ಟರ್ ಒಂದು ರಾಜಕೀಯ ಪ್ರಶ್ನೆಯನ್ನು ವೈಯಕ್ತಿಕ ನಡವಳಿಕೆಯ ಪ್ರಶ್ನೆಯನ್ನಾಗಿ ಮಾಡಿದ. ಕ್ಲಬ್ಬು, ಚಹಾಕೂಟಗಳ ಅಧ್ಯಾಯಗಳ ಮಟ್ಟಿಗೆ ಈ ದೂರು ನಿಲ್ಲುತ್ತದೆ. ಆದರೆ ಕಾದಂಬರಿಯ ಕೊನೆಯ ಪುಟವೇ ಅದಕ್ಕೆ ಉತ್ತರ. ವೈಯಕ್ತಿಕವಾದದ್ದೆಲ್ಲ ಬಗೆಹರಿದ ಮೇಲೂ ಏನೋ ಉಳಿಯುತ್ತದೆ, ಅದಕ್ಕೆ ಹೆಸರು ಆಳ್ವಿಕೆ ಎಂದು ತೋರಿಸಲೆಂದೇ ಆ ಪುಟ ಇದೆ. ಚೌಧುರಿಯವರ ದೂರು ಸಂಪೂರ್ಣವಾಗಿ ಅನ್ವಯಿಸುವುದು ಆ ಪುಟವನ್ನು ಕಿತ್ತುಹಾಕಿದ ಸಿನಿಮಾಗೆ.

ಇನ್ನು ಗುಹೆಗಳ ವಿಷಯ. ಫಾರ್ಸ್ಟರನ ಮಾರಾಬಾರ್‌ಗೆ ಮೂಲ ಬಿಹಾರದ ಗಯಾ ಬಳಿಯ ಬರಾಬರ್ ಗುಹೆಗಳು, ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕ ಆಜೀವಿಕ ಸನ್ಯಾಸಿಗಳಿಗೆ ದಾನ ಕೊಟ್ಟವು. ಲೀನ್ ಅವುಗಳನ್ನು ಬಿಟ್ಟು ನಮ್ಮ ಸಾವನದುರ್ಗ, ರಾಮದೇವರ ಬೆಟ್ಟಗಳಿಗೆ ಬಂದ. ಬಂಡೆ ಕೊರೆದು ಗುಹೆಯ ಬಾಯಿಗಳನ್ನು ಮಾಡಿಸಿದ. ಹತ್ತು ವರ್ಷ ಹಿಂದೆ ಅದೇ ರಾಮನಗರದ ಬಂಡೆಗಳು ‘ಶೋಲೆ’ಗೆ ರಾಮಗಢವಾಗಿದ್ದವು, ಹಾಗಾಗಿ ವೇಷ ಹಾಕುವುದು ಅವಕ್ಕೆ ಹೊಸದಲ್ಲ. ಆದರೆ ಸಾವನದುರ್ಗ ಮೂಕ ಬಂಡೆಯಲ್ಲ. 1791ರ ಡಿಸೆಂಬರಿನಲ್ಲಿ ಟಿಪ್ಪುವಿನ ಕೈಯಿಂದ ಕಾರ್ನ್‌ವಾಲಿಸ್‌ನ ಸೈನ್ಯ ಕಿತ್ತುಕೊಂಡ ಕೋಟೆ ಅದು. ಆ ಸೈನ್ಯದ ಜತೆ ಬಂದ ಚಿತ್ರಕಾರ ರಾಬರ್ಟ್ ಹೋಮ್ ಅದರ ಚಿತ್ರ ಬರೆದು ಇಂಗ್ಲಿಷ್ ಓದುಗರಿಗೆ ತಲುಪಿಸಿದ. ತೋಪಿನಿಂದ ಗೆದ್ದ ಬೆಟ್ಟ ಮೊದಲು ರಮಣೀಯ ಚಿತ್ರವಾಯಿತು. ಸುಮಾರು ಇನ್ನೂರು ವರ್ಷಗಳ ನಂತರ, ಇಂಗ್ಲಿಷ್ ತರುಣಿಯೊಬ್ಬಳ ಮನಸ್ಸನ್ನು ಕಲಕುವ ನಿಗೂಢ ಭಾರತವಾಯಿತು. ಇತಿಹಾಸವನ್ನು ಅಳಿಸಿದಾಗ ಉಳಿಯುವುದನ್ನೇ ‘ನಿಗೂಢ’ ಎನ್ನುತ್ತಾರೆ. ಅಜೀಜ್‌ನ ಸಿಟ್ಟನ್ನು ಅಳಿಸಿದ್ದೂ ಇದೇ ಕೈಚಳಕ.

ನೂರು ವರ್ಷ ಹಳೆಯ ಕಾದಂಬರಿ, ನಲವತ್ತು ವರ್ಷ ಹಳೆಯ ಸಿನಿಮಾ, ಇಂಗ್ಲಿಷಿನವರು ಎಂದೋ ಹೋದರು, ಈಗೇಕೆ ಈ ಜಗಳ ಎಂದು ಕೇಳಬಹುದು. ಇಂಗ್ಲಿಷಿನವರು ಹೋದರು, ಮೆಚ್ಚಿಸುವ ಹೊರೆ ಹೋಗಿಲ್ಲ. ‘ನಮ್ಮ ಮನೆಯಲ್ಲಿ ಅದೆಲ್ಲ ನೋಡುವುದಿಲ್ಲ’ ಎಂಬ ಮಾತನ್ನು ಕೇಳದ ದಲಿತ ವಿದ್ಯಾರ್ಥಿ ಕರ್ನಾಟಕದಲ್ಲಿ ಇದ್ದಾನೆಯೆ? ಹೇಳುವವರು ಒಳ್ಳೆಯವರೇ. ತಟ್ಟೆ ಇಡುತ್ತಾರೆ, ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಆದರೆ ನೋಡುವ ಅಥವಾ ನೋಡದಿರುವ ಆಯ್ಕೆ ಅವರದು ಮಾತ್ರ. ಆ ಹುಡುಗ ಮೀಸಲಾತಿಯ ಬಗ್ಗೆಯೋ, ಊರಿನ ಜಮೀನಿನ ಬಗ್ಗೆಯೋ ಬಾಯಿ ತೆರೆದ ದಿನ, ಇಷ್ಟು ದಿನ ಚೆನ್ನಾಗಿದ್ದೆಯಲ್ಲ, ಈಗೇಕೆ ರಾಜಕೀಯ ಎನ್ನುತ್ತಾರೆ. ಈಗಲೇ ಯಾಕೆ ಗೆಳೆಯರಾಗಬಾರದು ಎಂದು ಕೇಳಿದ ಫೀಲ್ಡಿಂಗ್‌ನ ಧ್ವನಿಯೇ ಇದು. ಪ್ರೀತಿ ಇದೆ, ಇಲ್ಲವೆನ್ನುವುದಿಲ್ಲ. ಕುರ್ಚಿ ಬಿಟ್ಟು ಏಳುವ ಮನಸ್ಸಿಲ್ಲ.

ಅಸ್ಪೃಶ್ಯತೆ ಸವರ್ಣೀಯರ ಮನಃಪರಿವರ್ತನೆಯ ವಿಷಯವೋ, ಹಕ್ಕು ಮತ್ತು ಅಧಿಕಾರದ ವಿಷಯವೋ ಎಂಬುದೇ ಗಾಂಧಿ ಮತ್ತು ಅಂಬೇಡ್ಕರ್ ನಡುವಿನ ಜಗಳದ ತಿರುಳು. ಆ ಮುಖಾಮುಖಿಯಲ್ಲಿ ಇಬ್ಬರೂ ಬದಲಾದರು ಎಂದು ಡಿ. ಆರ್. ನಾಗರಾಜ್ ತೋರಿಸಿಕೊಟ್ಟಿದ್ದಾರೆ. ಅದು ಸಾಧ್ಯವಾದದ್ದು ಅಂಬೇಡ್ಕರ್ ಜಗಳವಾಡಿದ್ದರಿಂದ. ಅವರು ಗಾಂಧಿಯನ್ನು ಮೆಚ್ಚಿಸುವ ಅಜೀಜ್ ಆಗಿದ್ದಿದ್ದರೆ ನಮಗೊಂದು ಸುಂದರ ಬೀಳ್ಕೊಡುಗೆಯ ದೃಶ್ಯ ಸಿಗುತ್ತಿತ್ತು, ಸಂವಿಧಾನದ 17ನೇ ವಿಧಿ ಸಿಗುತ್ತಿತ್ತೋ ಇಲ್ಲವೋ.

ಆದ್ದರಿಂದ ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ ಇಷ್ಟೆ. ಸಿನಿಮಾ ನೋಡಿ, ಚೆನ್ನಾಗಿದೆ. ನೋಡಿದ ಮೇಲೆ ಕಾದಂಬರಿಯ ಎರಡನೆಯ ಅಧ್ಯಾಯವನ್ನೂ ಕೊನೆಯ ಅಧ್ಯಾಯವನ್ನೂ ಓದಿ. ಒಂದರಲ್ಲಿ ಪ್ರಶ್ನೆ ಇದೆ, ಇನ್ನೊಂದರಲ್ಲಿ ಉತ್ತರವಿದೆ, ಲೀನ್ ಎರಡನ್ನೂ ನಿಮ್ಮಿಂದ ಬಚ್ಚಿಟ್ಟಿದ್ದಾನೆ. ಆಮೇಲೆ ಪರೀಕ್ಷೆಯಲ್ಲಿ ‘ಪೂರ್ವಗ್ರಹ ಮೀರಿದ ಗೆಳೆತನ’ ಎಂದು ಬರೆಯಲು ಕೈ ಬಂದರೆ ಬರೆಯಿರಿ. ನನಗಂತೂ ಬರುವುದಿಲ್ಲ. ಬಂಡೆಗಳ ನಡುವಿನ ದಾರಿ ಕಿರಿದಾಗಿದ್ದಾಗ ಇಬ್ಬರೂ ಒಟ್ಟಿಗೆ ಹೋದರು ಎಂದು ಹೇಳುವುದು ಪ್ರೀತಿಯಲ್ಲ. ಯಾರೋ ಒಬ್ಬನು ಕುದುರೆಯಿಂದ ಇಳಿದು, ಲಗಾಮು ಹಿಡಿದು ಹಿಂದೆ ನಡೆದಿರಬೇಕು. ಅವನು ಯಾರು ಎಂದು ಕೇಳಿ.